ಸಿಡಿಲಣ್ಣನ ದನಿ ಹೋದ ದಿನ

ಗಂಟಲಿನ ಡಾಕ್ಟರು ಹೇಳಿದ್ದು ಇಷ್ಟೇ. "ಶನಿವಾರ ಎದ್ದಾಗಿನಿಂದ ಸ್ಟೇಜ್ ಹತ್ತೋವರೆಗೂ ಬಾಯಿ ಬಿಡಬೇಡಿ. ಪಿಸುಮಾತೂ ಬೇಡ." ಸಿಡಿಲಣ್ಣನಿಗೆ ಆ ದಿನ ಆದ ಪಾಡಿಗೆಲ್ಲ ಈ ಮಾತೇ ಮೂಲ.

ಸಿಡಿಲಣ್ಣ ಒಂದು ಕಾಲದ ರಾಕ್ ಅಂಡ್ ರೋಲ್ ಹಾಡುಗಾರ. ಆಗ ಅವನ ಕೂದಲು ಭುಜದ ಮೇಲೆ ಹಾರಾಡುತ್ತಿತ್ತು. ಈಗ ನೆತ್ತಿ ಖಾಲಿ ಮಾಡಿ ಕಿವಿಯ ಸುತ್ತ ಬಾಡಿಗೆಗೆ ಇದ್ದಂತೆ ಉಳಿದುಕೊಂಡಿತ್ತು. 'ಗಾಡಿ ತಪ್ಪಿತು ಗೆಳತೀ' ಅನ್ನುವ ಅವನ ಹಾಡಿನ ಕೊನೆಯಲ್ಲಿ ಆ 'ತೀ' ಏರುತ್ತ ಏರುತ್ತ ಒಂದು ಕೂಗಾಗುತ್ತಿತ್ತು. ಅದನ್ನು ಕೇಳಲೆಂದೇ ಜನ ಬರುತ್ತಿದ್ದರು. ಒಂದು ದಿನ ಚಪ್ಪಲಿ ಅಂಗಡಿಯೊಂದರ ಉದ್ಘಾಟನೆಯಲ್ಲಿ ಆ ಕೂಗು ನಡುವೆಯೇ ಒಡೆದುಹೋಯಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಅವನ ಕಿವಿಯೊಳಗೆ ಕೂತದ್ದು ಮತ್ತೆ ಏಳಲೇ ಇಲ್ಲ. ಅಂದಿನಿಂದ ಆ ಜಾಗ ಬಂದಾಗ ಗಿಟಾರು ಜೋರು ಮಾಡಿ ಹೇಗೋ ದಾಟಿಕೊಳ್ಳುತ್ತಿದ್ದ.

ಆದರೆ ಈಚೆಗೆ, ಸ್ನಾನದ ಮನೆಯಲ್ಲಿ, ಆ ಕೂಗು ವಾಪಸು ಬಂದಿತ್ತು. ಎಲ್ಲಿಯೂ ಬಿರುಕಿಲ್ಲದೆ ಬಂದಿತ್ತು. ಮೇಲಿನ ಮನೆಯ ಟೈಲರಕ್ಕ ಕುಕ್ಕರು ಕೂಗಿತೆಂದು ಹೊಲಿಗೆ ಬಿಟ್ಟು ಓಡಿದ್ದಳು. ಹೋಗಿ ನೋಡಿದರೆ ಒಲೆಯೇ ಹಚ್ಚಿರಲಿಲ್ಲ. ಆ ಕೂಗನ್ನು ಜನರ ಎದುರು ಒಂದೇ ಒಂದು ಸಲ ಹೊಡೆಯಬೇಕು, ಆಮೇಲೆ ಗಿಟಾರನ್ನು ಅಟ್ಟಕ್ಕೆ ಹಾಕಿದರೂ ಚಿಂತೆಯಿಲ್ಲ ಅಂತ ಸಿಡಿಲಣ್ಣ ತೀರ್ಮಾನಿಸಿದ್ದ. ಪುರಭವನದ ಮ್ಯಾನೇಜರು ಬೇರೆ ಯಾರೂ ಸಿಗದೆ ಶನಿವಾರದ ಮಧ್ಯಾಹ್ನವನ್ನು ಅವನಿಗೆ ಕೊಟ್ಟಿದ್ದ.

ಹೆಂಡತಿ ಶಾಲೆಯ ಟೀಚರು. ಬೆಳಗ್ಗೆಯೇ ಪರೀಕ್ಷೆಯ ಡ್ಯೂಟಿಗೆ ಹೊರಟಳು. "ರೀ, ನಾನು ಸೀದಾ ಹಾಲ್‌ಗೇ ಬರ್ತೀನಿ. ಯಾರೇ ಬಂದ್ರೂ ಬಾಯಿ ಮಾತ್ರ ತೆಗೀಬೇಡಿ." ಸಿಡಿಲಣ್ಣ ಒಳ್ಳೆಯ ಹುಡುಗನಂತೆ ತಲೆಯಾಡಿಸಿದ.

ಟವೆಲು ಒಣಗಿಸಲು ಹೊರಗೆ ಬಂದದ್ದೇ ತಪ್ಪಾಯಿತು.

"ಅಣ್ಣಾ, ಇವತ್ತು ಪ್ರೋಗ್ರಾಮು ಅಲ್ವಾ? ದನಿ ಹೆಂಗಿದೆ?" ಮೇಲಿನಿಂದ ಟೈಲರಕ್ಕ ಬಗ್ಗಿ ಕೇಳಿದಳು.

ಸಿಡಿಲಣ್ಣ ಗಂಟಲು ಮುಟ್ಟಿ ತೋರಿಸಿ, 'ಮಾತಾಡುವ ಹಾಗಿಲ್ಲ' ಅಂತ ಕೈಯಾಡಿಸಿದ.

"ಅಯ್ಯಯ್ಯೋ!" ಟೈಲರಕ್ಕನ ಕೈಯಿಂದ ಅಳತೆ ಟೇಪು ಕೆಳಗೆ ಬಿತ್ತು. "ಕಂಡಕ್ಟರ್ ಮಾವಾ! ಬೇಗ ಬನ್ನಿ! ಅಣ್ಣನ ದನಿ ಹೋಗಿದೆ!"

ಎದುರು ಮನೆಯ ನಿವೃತ್ತ ಬಸ್ ಕಂಡಕ್ಟರು ಹವಾಯಿ ಚಪ್ಪಲಿ ಅದಲುಬದಲು ಮಾಡಿಕೊಂಡು ಓಡಿಬಂದ. ಯಾರ ಮನೆಯಲ್ಲಿ ಏನೇ ಆದರೂ ಮುಂದೆ ನಿಲ್ಲುವ ಮನುಷ್ಯ. ಕಣ್ಣಲ್ಲಿ ನೀರು ಬೇಗ.

"ಎಲ್ಲಿ, ಆ ಅನ್ನು. ಆ!" ಅಂದ.

ಸಿಡಿಲಣ್ಣ ಬಾಯಿ ಬಿಗಿಹಿಡಿದ.

"ನೋಡಮ್ಮ, 'ಆ' ಅನ್ನೋಕೂ ಆಗ್ತಿಲ್ಲ! ಇದು ಪೂರ್ತಿ ಹೋಗಿರೋದೇ."

ಸಿಡಿಲಣ್ಣ ಪೆನ್ನು ಹುಡುಕಿ, ಹಳೆಯ ಪೇಪರಿನ ಅಂಚಿನಲ್ಲಿ 'ನನ್ನ ದನಿ ಚೆನ್ನಾಗಿದೆ' ಅಂತ ಬರೆದುಕೊಟ್ಟ. ಆದರೆ ಆಟೋಗ್ರಾಫ್ ಹಾಕಿ ಹಾಕಿ ಅವನ ಅಕ್ಷರವೆಲ್ಲ ಎರೆಹುಳು ಹರಿದ ಗುರುತಿನಂತಾಗಿತ್ತು. ಟೈಲರಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಈ ಕಷ್ಟದಲ್ಲೂ ನಂಗೆ ಆಟೋಗ್ರಾಫ್ ಕೊಟ್ಟಿದ್ದಾರೆ ಮಾವಾ," ಅಂತ ಮಡಚಿ ರವಿಕೆಯೊಳಗಿಟ್ಟುಕೊಂಡಳು.

ಆಮೇಲೆ ಉಪಚಾರ ಶುರುವಾಯಿತು. ಒಬ್ಬರು ಉಪ್ಪುನೀರು ಕುಡಿಸಿದರು, ಇನ್ನೊಬ್ಬರು ಮೆಣಸು ಜೇನು ನೆಕ್ಕಿಸಿದರು. ಕತ್ತಿಗೆ ಮಫ್ಲರು ಬಿತ್ತು. ಕಂಬಳಿ ಹೊದಿಸಿ ಬಿಸಿನೀರಿನ ಹಬೆಗೆ ಮುಖ ಹಿಡಿಸಿದರು. ಹಬೆಯೊಳಗಿಂದ ಹೊರಬಂದ ಸಿಡಿಲಣ್ಣ ಬೇಯಿಸಿದ ಬೀಟ್‌ರೂಟಿನಂತಿದ್ದ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಪುರಭವನದ ಮ್ಯಾನೇಜರು. ಸಿಡಿಲಣ್ಣ ಕೈ ಚಾಚುವುದರೊಳಗೆ ಕಂಡಕ್ಟರು ಎತ್ತಿಕೊಂಡ.

"ಹಲೋ, ಸಾರ್... ಏನ್ ಹೇಳ್ಲಿ... ದನಿ ಹೋಗಿ..." ಮಾತು ಮುಗಿಸದೆ ಅಂಗಿಯ ತೋಳಿನಲ್ಲಿ ಮೂಗೊರೆಸಿಕೊಂಡ.

"ಧಣಿ ಹೋಗ್ಬಿಟ್ರಾ?" ಆ ಕಡೆ ಮ್ಯಾನೇಜರು ಕುರ್ಚಿಯಿಂದೆದ್ದ. ಫೋನೆತ್ತಿದವನು ಮನೆಯ ಆಳು ಅಂದುಕೊಂಡಿದ್ದ. "ಯಾವಾಗ?"

"ಬೆಳಗ್ಗೆ ಏಳೋ ಹೊತ್ತಿಗೇ ಸಾರ್."

"ಛೆ ಛೆ. ಏನಾದ್ರೂ ಹೇಳಿದ್ರಾ?"

"ಒಂದು ಮಾತಿಲ್ಲ ಸಾರ್. ಬರೀ ಕೈ ಆಡಿಸಿದ್ರು."

"ಹತ್ರ ಯಾರಿದ್ರು?"

"ನಾವೇ ಇದ್ದಿದ್ದು. ಬಾಯಿಗೆ ಒಂದಿಷ್ಟು ನೀರು ಬಿಟ್ವಿ. ಆದ್ರೂ ಏನೂ ಪ್ರಯೋಜನ ಆಗ್ಲಿಲ್ಲ."

ಸಿಡಿಲಣ್ಣ ಫೋನು ಕಿತ್ತುಕೊಳ್ಳಲು ಹೋಗಿ, ಸಿಗದೆ, ಕೋಪಕ್ಕೆ ಮೇಜು ಗುದ್ದಿದ. ಮ್ಯಾನೇಜರಿಗೆ ಅದು ಯಾರೋ ಎದೆ ಬಡಿದುಕೊಳ್ಳುತ್ತಿರುವಂತೆ ಕೇಳಿಸಿತು.

"ಧೈರ್ಯ ತಗೊಳ್ಳಿ. ಇಲ್ಲಿ ಏನು ಮಾಡ್ಬೇಕೋ ನಾನು ಮಾಡ್ತೀನಿ," ಅಂದು ಫೋನಿಟ್ಟ.

"ಒಳ್ಳೆ ಮನುಷ್ಯ ಕಣಯ್ಯ. ಎಲ್ಲ ನಾನು ನೋಡ್ಕೋತೀನಿ ಅಂದ," ಅಂತ ಕಂಡಕ್ಟರು ಕಣ್ಣೊರೆಸಿಕೊಂಡ. ಸಿಡಿಲಣ್ಣನಿಗೂ ಸಮಾಧಾನವಾಯಿತು.

ಮಧ್ಯಾಹ್ನ ಕಂಡಕ್ಟರು, ಟೈಲರಕ್ಕ ಇಬ್ಬರ ನಡುವೆ ಆಟೋದಲ್ಲಿ ಕೂತು ಪುರಭವನಕ್ಕೆ ಬಂದರೆ ಹೊರಗೆ ಜನವೋ ಜನ. ಅವನ ಒಳ್ಳೆಯ ದಿನಗಳಲ್ಲೂ ಇಷ್ಟು ಮಂದಿ ಸೇರಿರಲಿಲ್ಲ. ಸಿಡಿಲಣ್ಣನ ಎದೆ ಉಬ್ಬಿತು. ಬಾಗಿಲಿಗೆ ಬಂದಾಗ ತನ್ನದೇ ಪೋಸ್ಟರು ಕಂಡಿತು. ಅದಕ್ಕೆ ಹೂವಿನ ಹಾರ ಹಾಕಿದ್ದರು. ಕೆಳಗೆ ಮೇಣದ ಬತ್ತಿಗಳು. ಪಕ್ಕದಲ್ಲಿ ಕಪ್ಪು ಪಟ್ಟಿ ಕಟ್ಟಿಕೊಂಡು ನಿಂತಿದ್ದ ಮ್ಯಾನೇಜರು ತಲೆಯೆತ್ತಿ ಅವನನ್ನು ನೋಡಿದವನೇ ಹೂಗುಚ್ಛವನ್ನು ಎದೆಗವಚಿಕೊಂಡು ಗೋಡೆಗೆ ಅಂಟಿಕೊಂಡ.

"ಧಣಿ ಹೋದ್ರು ಅಂದ್ರಲ್ಲ!"

"ದನಿ ಸಾರ್, ದನಿ! ಗಂಟಲಲ್ಲಿ ಇರುತ್ತಲ್ಲ ಅದು!" ಕಂಡಕ್ಟರು ಕಿರುಚಿದ.

ವಿಷಯ ತಿಳಿದ ಮ್ಯಾನೇಜರು ಮೈಕಿನ ಕಡೆ ಓಡಿದ. "ಮಹನೀಯರೇ, ಸಿಡಿಲಣ್ಣ ಇದ್ದಾರೆ! ಹೋಗಿರೋದು ಅವರ ದನಿ ಮಾತ್ರ! ದನಿ ಇಲ್ಲದಿದ್ರೂ ನಮಗೋಸ್ಕರ ಬಂದಿದ್ದಾರೆ!"

ಹಾಲಿನ ಒಳಗೂ ಹೊರಗೂ ಚಪ್ಪಾಳೆ ಬಿತ್ತು. ಕೆಲವರು ಅತ್ತರು. ಸಿಡಿಲಣ್ಣ ಸ್ಟೇಜು ಹತ್ತಿದ. ಮುಂದಿನ ಸಾಲಿನಲ್ಲಿ ಹೆಂಡತಿ ಟೈಲರಕ್ಕನ ಕೈ ಹಿಡಿದು ಕೂತಿದ್ದಳು. ಹಿಂದೆ ಡ್ರಮ್ಮಿನ ಮುಂದೆ ಅವನ ಹಳೆಯ ಜೊತೆಗಾರ, ಈಗ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಮುಖ ಸಣ್ಣದು ಮಾಡಿಕೊಂಡಿದ್ದ.

ಈಗ ಡಾಕ್ಟರ ಮಾತು ಮುಗಿದಿತ್ತು. ಸಿಡಿಲಣ್ಣ ಮೈಕು ಹಿಡಿದು ನಗುತ್ತ, "ನನ್ನ ದನಿಗೆ ಏನೂ ಆಗಿಲ್ಲ" ಅಂದ.

ಸ್ಪೀಕರಿನಿಂದ ಏನೂ ಬರಲಿಲ್ಲ.

"ಅಯ್ಯೋ, ನಿಜವಾಗ್ಲೂ ಹೋಗಿದೆ ಕಣ್ರೀ!" ಹಿಂದಿನಿಂದ ಯಾರೋ ಅಂದರು. "ಅಣ್ಣಾ, ನೀವು ಸುಮ್ನೆ ನಿಂತ್ಕೊಳ್ಳಿ! ನಾವಿದ್ದೀವಿ!"

ಹಾಲಿಗೆ ಹಾಲೇ ಎದ್ದು ಹಾಡಲು ಶುರುಮಾಡಿತು. ಸಿಡಿಲಣ್ಣ ಹಾಡಿದ. ಅವರು ಇನ್ನೂ ಜೋರಾಗಿ ಹಾಡಿದರು. ಅವನು ಮತ್ತಷ್ಟು ಏರಿಸಿದ. 'ಪಾಪ, ಎಷ್ಟು ಒದ್ದಾಡ್ತಿದ್ದಾನೆ' ಅಂತ ಅವರೂ ಏರಿಸಿದರು. ಒಂದಾದ ಮೇಲೊಂದು ಹಾಡು ಹೀಗೇ ಮುಗಿಯಿತು. ಕೊನೆಗೆ 'ಗಾಡಿ ತಪ್ಪಿತು ಗೆಳತೀ' ಬಂತು. ಸಿಡಿಲಣ್ಣ ಕಣ್ಣು ಮುಚ್ಚಿ, ಹೊಟ್ಟೆಯ ಆಳದಿಂದ ಆ 'ತೀ'ಯನ್ನು ಎಬ್ಬಿಸಿದ. ಅದು ಬಂತು. ಎಳೆಯ ಬಿಸಿಲಿನಂತೆ ನೇರವಾಗಿ, ಒಂದು ಕೂದಲಿನಷ್ಟೂ ಬಿರುಕಿಲ್ಲದೆ ಬಂತು. ಅವನ ಕತ್ತಿನ ನರಗಳಿಗೆ ಅದು ಗೊತ್ತಾಯಿತು. ಆದರೆ ಅದೇ ಗಳಿಗೆಯಲ್ಲಿ ಇಡೀ ಹಾಲು, ಹೆಂಡತಿಯೂ ಸೇರಿದಂತೆ, ಬಾಯಿ ಆಕಾಶಕ್ಕೆ ಎತ್ತಿ "ತೀ...!" ಅಂತ ಕಿರುಚುತ್ತಿತ್ತು.

ಪರದೆ ಬಿದ್ದಿತು. ಹೆಂಡತಿ ಹಿಂದೆ ಓಡಿಬಂದು ಅವನ ಬೆವರೊರೆಸಿದಳು.

"ಪಾಪ ರೀ, ನಾನು ಹೋದ್ಮೇಲೆ ಹೀಗಾಯ್ತಂತೆ. ನಾನೂ ಪ್ರಾಣ ಬಿಟ್ಟು ಕೂಗ್ದೆ. ನೀವು ಎಷ್ಟು ಚೆನ್ನಾಗಿ ಬಾಯಾಡಿಸಿದ್ರಿ ಅಂದ್ರೆ, ನೀವೇ ಹಾಡಿದ ಹಾಗಿತ್ತು."

ಡ್ರಮ್ಮಿನ ಮೇಷ್ಟ್ರು ಬಂದು ಅವನ ಭುಜ ತಟ್ಟಿದ. "ಹೆದರ್ಬೇಡ ಕಣೋ. ನಿನ್ನ ಗೊಗ್ಗರು ದನಿ ಯಾರಿಗೂ ಕೇಳಿಸ್ಬಾರ್ದು ಅಂತ ನಾನೇ ಹೇಳಿ ನಿನ್ನ ಮೈಕು ಆಫ್ ಮಾಡ್ಸಿದ್ದೆ. ಮರ್ಯಾದೆ ಉಳೀತು ನೋಡು."

ಸಿಡಿಲಣ್ಣನಿಗೆ ರಕ್ತ ತಲೆಗೇರಿತು. ಹುಟ್ಟಿದಾಗಿನಿಂದ ಕಲಿತ ಬೈಗುಳವನ್ನೆಲ್ಲ ಒಟ್ಟುಮಾಡಿಕೊಂಡು ಬಾಯಿ ತೆರೆದ. ಪಂಕ್ಚರಾದ ಸೈಕಲ್ಲಿನಂತೆ ಒಂದಿಷ್ಟು ಗಾಳಿ ಬಂತು. ಮತ್ತೆ ಪ್ರಯತ್ನಿಸಿದ. ಗಾಳಿಯೂ ನಿಂತಿತು. ಆಫ್ ಆದ ಮೈಕು ಹಿಡಿದು ಇಡೀ ಹಾಲಿನ ಜೊತೆ ಸೆಣಸಿ ದನಿ ಈಗ ನಿಜವಾಗಿಯೂ ಹೋಗಿತ್ತು.

ಅಷ್ಟರಲ್ಲಿ ಮ್ಯಾನೇಜರು ಬಂದು ಅವನ ಎರಡೂ ಕೈ ಹಿಡಿದುಕೊಂಡ. "ಏನು ಜನ! ಏನು ಪ್ರೀತಿ! ಇನ್ಮೇಲೆ ತಿಂಗಳು ತಿಂಗಳೂ ಹೀಗೇ ಮಾಡೋಣ. ನೀವು ನಿಂತ್ಕೊಳ್ಳಿ, ಅವರು ಹಾಡ್ಲಿ. ದನಿಗೆ ಮಾತ್ರ ಔಷಧಿ ಗಿಷಧಿ ಮಾಡ್ಕೋಬೇಡಿ. ಬೇಡ ಅನ್ನೋದಾದ್ರೆ ಈಗಲೇ ಬಾಯಿಬಿಟ್ಟು ಹೇಳ್ಬಿಡಿ."

ಸಿಡಿಲಣ್ಣ ಬಾಯಿ ಬಿಟ್ಟ. ಅಗಲವಾಗಿಯೇ ಬಿಟ್ಟ. ಎಲ್ಲರೂ ಕಿವಿಗೊಟ್ಟು ಕಾದರು.

"ಒಪ್ಕೊಂಡ್ರು!" ಅಂದ ಮ್ಯಾನೇಜರು.