ಮಾಳಿಗೆಯ ಮೇಲಿನ ಇಪ್ಪತ್ತರ ಹಿರಿಯರು

ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸಿ ಇಟ್ಟುಕೊಳ್ಳುವುದು ನನ್ನ ಹಳೆಯ ದುರಭ್ಯಾಸ. ಹೆಡ್‌ಮಾಸ್ತರರು ತಡವಾಗಿದ್ದೇಕೆ ಎಂದು ಕೇಳಿದರೆ ಏನು ಹೇಳಬೇಕು ಎಂಬುದನ್ನು ಬಸ್ಸಿನಲ್ಲೇ ಮೂರು ಕಂಡಿಕೆಗಳಲ್ಲಿ ಜೋಡಿಸಿಕೊಂಡಿರುತ್ತೇನೆ. ಅವರು ತಲೆ ಎತ್ತಿ ನೋಡುವುದೂ ಇಲ್ಲ. ಅಷ್ಟು ಚೆನ್ನಾದ ಉತ್ತರ ಹಾಳಾಯಿತಲ್ಲ ಎಂದು ನನಗೆ ಇಡೀ ದಿನ ಸಂಕಟ. ಕನ್ನಡ ಮಾಸ್ತರನಾಗಿ ಮೂವತ್ತು ವರ್ಷ ಕಳೆದವನಿಗೆ, ಮಾತು ಒಳಗೇ ಉಳಿದರೆ ಅಜೀರ್ಣವಾಗುತ್ತದೆ. ಹೋದ ವರ್ಷ ಒಂದು ವಾರದ ಮಟ್ಟಿಗೆ ಈ ಅಜೀರ್ಣ ವಿಪರೀತಕ್ಕೆ ಹೋಗಿತ್ತು. ಅದಕ್ಕೆ ಕಾರಣ ನಮ್ಮ ಮಾಳಿಗೆಯ ಮೇಲೆ ಬಂದಿಳಿದ ಇಬ್ಬರು ಹಿರಿಯರು.

ನಮ್ಮ ಮನೆ ಬೆಳಗಾವಿಯ ಅನಗೋಳದಲ್ಲಿ. ನನ್ನ ಶಾಲೆ ಖಾನಾಪುರದಲ್ಲಿ. ಅದೇ ಶಾಲೆಯ ವಿಜ್ಞಾನದ ಮಾಸ್ತರರಾದ ಫರ್ನಾಂಡಿಸ್ ಅವರದು ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಹಳೆಯ ಮನೆ. ಅದರ ಹಿಂದಿನ ಕೋಣೆಯನ್ನು ಅವರು ಇಬ್ಬರು ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದರು. ಆ ಕೋಣೆಯ ಗೋಡೆಯ ಗಿಲಾವು ಉದುರಿ, ದುರಸ್ತಿಗೆ ಒಂದು ವಾರ ಬೇಕಾಯಿತು. "ನಿಮ್ಮ ಮ್ಯಾಲಿನ ಖೋಲಿ ಖಾಲಿ ಐತಲ್ರೀ, ಒಂದ್ ವಾರ ಇರಲಿ. ಭಾಳ ಚಲೋ ಹುಡುಗ್ರು. ನಮ್ಮ ಚರ್ಚಿನವರಲ್ಲ, ಮಾರ್ಮನ್ ಅನ್ನೋ ಬ್ಯಾರೆ ಕ್ರೈಸ್ತ ಪಂಥದವರು. ಧರ್ಮಸೇವಾ ಅಂತ ಮನಿ ಬಿಟ್ಟು ಎರಡು ವರ್ಷಕ್ಕ ಬಂದಾರ," ಎಂದರು. ನಾನು ಹೂಂ ಎಂದೆ. ಹೂಂ ಎಂದ ಕ್ಷಣದಿಂದ ತಯಾರಿ ಶುರುವಾಯಿತು. ಅವರು ಖಂಡಿತ ನನ್ನನ್ನು ತಮ್ಮ ಮತಕ್ಕೆ ಕರೆಯುತ್ತಾರೆ. ಕರೆದಾಗ ನಾನು ಕೊರಳ ಲಿಂಗವನ್ನು ಮುಟ್ಟಿ, ಕಾಯಕ, ದಾಸೋಹ ಎಂದು ಆರಂಭಿಸಿ, ಅವರು ಬೆಚ್ಚಿಬೀಳುವ ಹಾಗೆ ಮುಗಿಸಬೇಕು. ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತ ಒಮ್ಮೆ ಪೂರ್ತಿ ಹೇಳಿಯೂ ನೋಡಿದೆ. ಚೆನ್ನಾಗಿತ್ತು.

ಸೋಮವಾರ ಸಂಜೆ ಇಬ್ಬರೂ ಬಂದರು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ. ಒಂದರಲ್ಲಿ ಎಲ್ಡರ್ ದಾಸರಿ, ಇನ್ನೊಂದರಲ್ಲಿ ಎಲ್ಡರ್ ಥಾಪಾ. ದಾಸರಿ ಗೋದಾವರಿ ತೀರದ ತೆಲುಗು ಹುಡುಗ. ಥಾಪಾ ಡಾರ್ಜಿಲಿಂಗ್ ಕಡೆಯ ನೇಪಾಳಿ ಹುಡುಗ. ಎಲ್ಡರ್ ಎಂದರೆ ಹಿರಿಯರು ಎಂದು ನಾನು ಹೆಂಡತಿ ಶಾಂತಾಗೆ ಅರ್ಥ ಹೇಳಿದೆ. ಅವಳು ಇನ್ನೂ ಮೀಸೆ ಸರಿಯಾಗಿ ಬಾರದ ಆ ಮುಖಗಳನ್ನು ನೋಡಿ, "ಇಪ್ಪತ್ತು ವರ್ಷದ ಇವ್ರು ಹಿರೇರಾದ್ರ ನಾವ್ಯಾರ್ರೀ?" ಎಂದಳು.

ಥಾಪಾ ಪುಸ್ತಕ ನೋಡಿ ಕನ್ನಡ ಕಲಿತವನು. ಕೈಮುಗಿದು, "ಮಾನ್ಯರೇ, ತಮ್ಮ ಗೃಹದಲ್ಲಿ ನಮಗೆ ಆಶ್ರಯ ದೊರೆತದ್ದು ನಮ್ಮ ಭಾಗ್ಯ," ಎಂದ. ಮೂವತ್ತು ವರ್ಷ ಪಾಠ ಮಾಡಿದರೂ ನನ್ನ ಒಬ್ಬ ವಿದ್ಯಾರ್ಥಿಯ ಬಾಯಲ್ಲೂ ಇಂಥ ವಾಕ್ಯ ಬಂದಿರಲಿಲ್ಲ. ನನ್ನ ಕಣ್ಣು ತುಂಬಿತು. ಶಾಂತಾ ಮಾತ್ರ, "ಏನ್ ಅಂತಾನ್ರೀ ಅಂವಾ?" ಎಂದು ನನ್ನನ್ನು ಕೇಳಿದಳು.

ಮರುದಿನವೇ ಮೊದಲ ಬಿಕ್ಕಟ್ಟು. ಶಾಂತಾ ಬೆಳಿಗ್ಗೆ ಎರಡು ಕಪ್ ಚಹಾ ತೆಗೆದುಕೊಂಡು ಮೇಲೆ ಹೋದಳು, ಎರಡೂ ಕಪ್ಪುಗಳನ್ನು ಹಾಗೇ ಇಳಿಸಿಕೊಂಡು ಬಂದಳು. ಚಹಾ, ಕಾಫಿ ಅವರಿಗೆ ವರ್ಜ್ಯವಂತೆ. ನಮ್ಮ ಊರಲ್ಲಿ ಚಹಾ ಬೇಡ ಎಂದರೆ ನೀವು ಬೇಡ ಎಂದಂತೆ. "ನಮ್ಮ ಮನ್ಯಾಗ ಚಾ ಕುಡಿಯಾಕ ಏನ್ ಧಾಡಿ?" ಎಂದು ಅವಳು ಗೊಣಗಿದಳು. ಮಧ್ಯಾಹ್ನದ ಹೊತ್ತಿಗೆ ಆ ಇಬ್ಬರೂ ಟೈ ಬಿಚ್ಚಿಟ್ಟು, ನಾನು ಎರಡು ವರ್ಷದಿಂದ ನಾಳೆ ನಾಳೆ ಎನ್ನುತ್ತಿದ್ದ ನೀರಿನ ಟಾಕಿಯನ್ನು ತಿಕ್ಕಿ ತೊಳೆದಿದ್ದರು. ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಶಾಂತಾಳ ಪಕ್ಷ ಬದಲಾಗಿತ್ತು. ಅವರಿಗೆ ಬಿಸಿ ಹಾಲು, ಮಜ್ಜಿಗೆ, ನನಗೆ ಟಾಕಿಯ ವಿಷಯವಾಗಿ ಉಪದೇಶ.

ಅವರ ದಿನಚರಿ ನೋಡಿ ನನಗೇ ನಾಚಿಕೆಯಾಯಿತು. ಬೆಳಿಗ್ಗೆ ಆರೂವರೆಗೆ ಎದ್ದು ವ್ಯಾಯಾಮ, ಪ್ರಾರ್ಥನೆ, ಓದು. ಆಮೇಲೆ ಹೊರಗೆ. ಎಲ್ಲಿಗೆ ಹೋದರೂ ಇಬ್ಬರೂ ಜೊತೆಗೇ ಇರಬೇಕು. ಒಬ್ಬನನ್ನು ಬಿಟ್ಟು ಇನ್ನೊಬ್ಬ ಅಂಗಡಿಗೂ ಹೋಗುವಂತಿಲ್ಲ. ಮನೆಗೆ ಮಾತಾಡುವುದು ವಾರಕ್ಕೊಂದು ದಿನ, ಸೋಮವಾರ. ಬುಧವಾರ ಸಂಜೆ ನಾನು ಇನ್ನು ತಡೆಯಲಾರದೆ ಮೇಲೆ ಹೋದೆ. ಅವರಿಗೆ ನನ್ನನ್ನು ಕರೆಯಲು ಒಂದು ಅವಕಾಶ ಮಾಡಿಕೊಡಬೇಕಲ್ಲ. ಅವರು ಕುರ್ಚಿ ಕೊಟ್ಟರು. ನಾನು ಪೀಠಿಕೆಯಾಗಿ ಲಿಂಗಧಾರಣೆಯ ಬಗ್ಗೆ ಎರಡು ಮಾತು ಹೇಳಿದೆ. ಎರಡು ಮಾತು ಮುಗಿಯುವಾಗ ಕೆಳಗಿನಿಂದ ಊಟಕ್ಕೆ ಮೂರನೆಯ ಸಲ ಕೂಗು ಬಂದಿತ್ತು. ಇಬ್ಬರೂ ವಹಿಯಲ್ಲಿ ಏನೇನೋ ಬರೆದುಕೊಂಡರು. ಥಾಪಾ, "ಪ್ರಸಾದ ಎಂಬ ಶಬ್ದಕ್ಕೆ ತಾವು ನೀಡಿದ ಅರ್ಥ ಅತ್ಯಂತ ಸುಂದರ," ಎಂದ. ತಮ್ಮ ಮತದ ಬಗ್ಗೆ ಒಂದಕ್ಷರ ಇಲ್ಲ. ನನಗೆ ಸಣ್ಣಗೆ ಅವಮಾನವಾಯಿತು. ಇಡೀ ಅನಗೋಳದಲ್ಲಿ ಮತ ಬದಲಿಸಲು ಯೋಗ್ಯತೆಯಿಲ್ಲದವನು ನಾನೊಬ್ಬನೇ ಏನು?

ಗುರುವಾರ ಅವರಿಗೂ ಖಾನಾಪುರದಲ್ಲಿ ಕೆಲಸವಿತ್ತು. ಗೋವೆಯಿಂದ ಬಂದು ಅಲ್ಲಿ ನೆಲೆಸಿದ ವೃದ್ಧ ದಂಪತಿ ಅವರ ಪಂಥದವರಂತೆ, ಅವರನ್ನು ನೋಡಿಬರಬೇಕು. ಮೂವರೂ ಒಂದೇ ಬಸ್ಸಿಗೆ ಹೊರಟೆವು. ನಾನು ಹಾದಿಯುದ್ದಕ್ಕೂ ಬುಧವಾರದ ವಿಷಯವನ್ನು ಮುಂದುವರಿಸಿದೆ. ಥಾಪಾ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದ. ತನ್ಮಯನಾಗಿದ್ದಾನೆ ಎಂದುಕೊಂಡೆ. ಅವನಿಗೆ ಜ್ವರ ಏರುತ್ತಿತ್ತು ಎಂದು ತಿಳಿದದ್ದು ಮಧ್ಯಾಹ್ನ, ದಾಸರಿ ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿದಾಗ.

ನಾನು ಓಡಿದೆ. ಹುಡುಗ ಬೆಂಚಿನ ಮೇಲೆ ನಡುಗುತ್ತ ಮಲಗಿದ್ದ, ಟೈ ಮಾತ್ರ ನೆಟ್ಟಗಿತ್ತು. ಹತ್ತಿರದ ಡಾಕ್ಟರರು ಗುಳಿಗೆ ಕೊಟ್ಟು, "ಎರಡು ದಿನ ಬಸ್ಸು ಗಿಸ್ಸು ಹತ್ತಿಸಬ್ಯಾಡ್ರಿ, ಎಲ್ಯಾರ ಮಲಗಸ್ರಿ," ಎಂದರು. ಆ ವೃದ್ಧ ದಂಪತಿಯದು ಒಂದೇ ಕೋಣೆಯ ಮನೆ. ಖಾನಾಪುರದಲ್ಲಿ ನನಗೆ ತಿಳಿದ ದೊಡ್ಡ ಮನೆ ಎಂದರೆ ಒಂದೇ, ನನ್ನ ಅಕ್ಕ ಗಂಗಕ್ಕನದು. ಆದರೆ ಆ ಹೊಸ್ತಿಲು ತುಳಿದು ಆರು ವರ್ಷವಾಗಿತ್ತು.

ಜಗಳದ ಕಾರಣ ಹೇಳಲು ಈಗಲೂ ಮುಜುಗರ. ಗಂಗಕ್ಕನ ಮಗಳ ಮದುವೆಯಲ್ಲಿ ಮನೆಮಂದಿಯೆಲ್ಲ ನಿಂತು ತೆಗೆಸಿದ ದೊಡ್ಡ ಫೋಟೋದಲ್ಲಿ ನಾನಿಲ್ಲ. ಸೋದರಮಾವನಿಲ್ಲದ ಮದುವೆ ಫೋಟೋ! ನಾನು ಹೂವಿನವನನ್ನು ಕರೆಯಲು ಹೋಗಿದ್ದಾಗ ಬೇಕೆಂದೇ ತೆಗೆಸಿದರು ಎಂದು ಸಿಟ್ಟಾಗಿ ಊಟ ಬಿಟ್ಟು ಬಂದೆ. ಆಮೇಲೆ ಅವಳೂ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಶಾಲೆಯಿಂದ ಬಸ್‌ಸ್ಟ್ಯಾಂಡಿಗೆ ಅವಳ ಓಣಿ ಹಾದು ಹೋದರೆ ಐದು ನಿಮಿಷ. ನಾನು ಪೇಟೆ ಸುತ್ತಿ ಹದಿನೈದು ನಿಮಿಷದ ಹಾದಿ ನಡೆಯುತ್ತಿದ್ದೆ. ಎಂದಾದರೂ ಎದುರಾದರೆ ಹೇಳಬೇಕಾದ ಭಾಷಣ ಮಾತ್ರ ಆರು ವರ್ಷದಿಂದ ಒಳಗೆ ಕುದಿದು ಗಟ್ಟಿಯಾಗಿತ್ತು.

ಆಟೋ ಅವಳ ಬಾಗಿಲಿಗೆ ನಿಂತಿತು. ಗಂಗಕ್ಕ ಹೊರಗೆ ಬಂದಳು. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು, ಬಿಳಿ ಅಂಗಿಯ ಇಬ್ಬರನ್ನು ನೋಡಿದಳು, ಥಾಪಾನ ಹಣೆ ಮುಟ್ಟಿದಳು. "ಅಯ್ಯ ಶಿವನೇ, ಹಂಚು ಕಾದಂಗ ಕಾದೇತಿ! ಒಳಗ ಕರಕೊಂಡ್ ಬಾ. ಅಲ್ಲೇನ್ ನೋಡ್ಕೋತ ನಿಂತಿ?" ಎಂದಳು. ಇಷ್ಟೇ. ನನ್ನ ಭಾಷಣದ ಮೊದಲ ವಾಕ್ಯಕ್ಕೂ ಜಾಗವಿರಲಿಲ್ಲ.

ಒಳಗೆ ಗೋಡೆಯ ಮೇಲೆ ಅದೇ ಫೋಟೋ. ನಾನು ಅದಕ್ಕೆ ಬೆನ್ನು ಹಾಕಿ ಕುಳಿತೆ. ಗಂಗಕ್ಕ ಶುಂಠಿ ಜಜ್ಜಿ ಹಾಕಿದ ಚಹಾ ತಂದು ಹುಡುಗನ ಮುಂದೆ ಹಿಡಿದಳು. ಅವನು ಎದ್ದು ಕುಳಿತು ಕೈಮುಗಿದು, "ಕ್ಷಮಿಸಿ ತಾಯಿ, ನಾನು ಚಹಾ ಸೇವಿಸುವುದಿಲ್ಲ," ಎಂದ.

"ಇದು ಚಾ ಅಲ್ಲೋ ಬಾಳಾ, ಔಷಧ. ಕುಡಿ."

"ವಚನ ಕೊಟ್ಟಿದ್ದೇನೆ, ತಾಯಿ."

ಗಂಗಕ್ಕನ ಚಹಾ ಒಲ್ಲೆ ಎಂದವರು ಆ ಓಣಿಯಲ್ಲಿ ಯಾರೂ ಇಲ್ಲ. ಅವಳ ಹುಬ್ಬು ಮೇಲೇರಿತು. ನಾನು ಮಧ್ಯೆ ಬಾಯಿ ಹಾಕಿ, "ಅವ್ರ ಧರ್ಮದಾಗ ಇಲ್ಲಕ್ಕಾ," ಎಂದೆ. ಆರು ವರ್ಷದ ಮೇಲೆ ನಾನು ಅಕ್ಕನಿಗೆ ಆಡಿದ ಮೊದಲ ಮಾತು ಇನ್ನೊಬ್ಬರ ಧರ್ಮದ ಬಗ್ಗೆ.

"ನಿನ್ನ ಊರ ಯಾವುದಪ್ಪಾ?" ಎಂದು ಅವಳು ಹುಡುಗನನ್ನು ಕೇಳಿದಳು.

ಅವನು ಜ್ವರದ ಮಂಪರಿನಲ್ಲಿ, ಪುಸ್ತಕದ ಕನ್ನಡ ಕೈಕೊಟ್ಟಲ್ಲಿ ಹಿಂದಿ ಬೆರೆಸಿ ಹೇಳಿದ. ಅವನ ತಂದೆ ಚಹಾ ತೋಟದ ಕೆಲಸಗಾರ. ಅಜ್ಜನೂ ಅಷ್ಟೇ. ಇವನು ಈ ಪಂಥ ಸೇರಿ ಮನೆಯಲ್ಲಿ ಚಹಾ ಬಿಟ್ಟ ದಿನ ತಂದೆ, ನಮ್ಮ ಕೈಯ ಎಲೆ ನಿನಗೆ ಪಾಪವಾಯಿತೇ ಎಂದು ಕೇಳಿದರಂತೆ. ಆಮೇಲೆ ಮಾತಾಡಿಲ್ಲ. ಸೋಮವಾರ ಫೋನಿಗೆ ತಾಯಿ ಬರುತ್ತಾರೆ, ತಂಗಿ ಬರುತ್ತಾಳೆ. ತಂದೆ ಹೊರಗೆ ಹೋಗಿಬಿಡುತ್ತಾರೆ. ಒಂದೂವರೆ ವರ್ಷ.

ಗಂಗಕ್ಕ ಆ ಕಪ್ಪನ್ನು ತಿರುಗಿಸಿ ನನ್ನ ಕೈಗೆ ಕೊಟ್ಟಳು. "ಇಂವಾ ಕುಡೀತಾನ. ಇವಂಗ ಯಾವ ನೇಮಾನೂ ಇಲ್ಲ, ಯಾವ ವಚನಾನೂ ಇಲ್ಲ." ನಾನು ಕುಡಿದೆ. ಅವಳು ಒಳಗೆ ಹೋಗಿ ಜೀರಿಗೆ, ಮೆಣಸು, ಬೆಲ್ಲ ಹಾಕಿ ಕಷಾಯ ಕುದಿಸಿ ತಂದಳು. ಅದರಲ್ಲಿ ಚಹಾಪುಡಿ ಇಲ್ಲವೆಂದು ಡಬ್ಬಿಯನ್ನೇ ತೋರಿಸಿ ಪ್ರಮಾಣ ಮಾಡಿದಳು.

ಒಬ್ಬ ಮಲಗಿದರೆ ಇನ್ನೊಬ್ಬನೂ ಅಲ್ಲೇ ಇರಬೇಕಾದ್ದರಿಂದ ದಾಸರಿಯೂ ಉಳಿದ. ಶುಕ್ರವಾರ ಮಧ್ಯಾಹ್ನ ನಾನು ಊಟದ ಬಿಡುವಿನಲ್ಲಿ ಹೋದಾಗ ಅವನು ಜೋಳ ಹಸನು ಮಾಡುತ್ತಿದ್ದ. ಗಂಗಕ್ಕ ಥಾಪಾನಿಗೆ ಗಂಜಿ ಕೊಡುತ್ತ ಹೇಳುತ್ತಿದ್ದಳು: "ನಿಮ್ಮಪ್ಪ ಫೋನಿಗೆ ಬರಂಗಿಲ್ಲ ಅಂದ್ರ, ಹೆಂಗದಾರ ಅಂತ ನೀ ಕೇಳೋದು ಬಿಡಬ್ಯಾಡ. ಬಾಗಲಾ ಹಿಂದ ನಿಂತು ಕೇಳ್ತಿರ್ತಾರ. ನಂಗ ಗೊತ್ತೈತಿ." ನಂತರ ನನ್ನ ಕಡೆ ತಿರುಗದೆಯೇ ಹೇಳಿದಳು, "ಅವತ್ತ ಫೋಟೋಕ್ಕ ನಿನ್ನ ಮೈಕಿನಾಗ ಎರಡು ಸಲ ಕರದೇವಿ. ಎಲ್ಲಿ ಸತ್ತಿದ್ದಿ?"

ಎರಡು ಸಲ! ನನಗೆ ಕೇಳಿರಲಿಲ್ಲ. ಓದುಗರಿಗೆ ಮಾತ್ರ ನಿಜ ಹೇಳುತ್ತೇನೆ. ಹೂವಿನವನನ್ನು ಕರೆಯಲು ಹೋದದ್ದು ಖರೆ, ಆದರೆ ಹಾದಿಯಲ್ಲಿ ಅಡುಗೆಭಟ್ಟರ ಹತ್ತಿರ ನಿಂತು, ಸಾರಿಗೆ ಒಗ್ಗರಣೆ ಯಾವಾಗ ಹಾಕಬೇಕೆಂದು ಅರ್ಧ ಗಂಟೆ ತಿಳಿಹೇಳಿದ್ದೆ. ಆರು ವರ್ಷ ಬೇಯಿಸಿದ ಭಾಷಣದಲ್ಲಿ ಈ ಭಾಗ ಇರಲಿಲ್ಲ. "ಕೇಳಿಸಲಿಲ್ಲಕ್ಕಾ," ಎಂದೆ. "ಹೂಂ. ಗಂಜಿ ನಿನಗೂ ಹಾಕಲ್ಯಾ?" ಎಂದಳು.

ಶನಿವಾರ ಜ್ವರ ಬಿಟ್ಟಿತು. ಶೇಂಗಾ ಚಟ್ನಿ, ರೊಟ್ಟಿಯ ಗಂಟಿನೊಡನೆ ಮೂವರೂ ಅನಗೋಳಕ್ಕೆ ಮರಳಿದೆವು. ರವಿವಾರ ಅವರು ಪ್ರಾರ್ಥನೆ ಮುಗಿಸಿ ಬಂದಾಗ ನಾನು ಮಾನ ಬಿಟ್ಟು ಕೇಳಿಯೇಬಿಟ್ಟೆ. "ಅಲ್ಲಪ್ಪಾ, ಒಂದು ವಾರ ಆತು. ನೀವು ನಿಮ್ಮ ಧರ್ಮದ ಬಗ್ಗೆ ನನಗ ಒಂದು ಮಾತೂ ಹೇಳಲಿಲ್ಲಲ್ಲ?"

ದಾಸರಿ ಸಂಕೋಚದಿಂದ, "ಕೇಳಿದವರಿಗೆ ಮಾತ್ರ ಹೇಳುತ್ತೇವೆ ಸರ್. ನೀವು ಕೇಳಲಿಲ್ಲ," ಎಂದ. ತುಸು ತಡೆದು, "ಕೇಳುವುದಕ್ಕೆ ನಿಮಗೆ ಬಿಡುವೂ ಇರಲಿಲ್ಲ," ಎಂದು ಸೇರಿಸಿದ. ಶಾಂತಾ ಒಳಗಿನಿಂದ ನಕ್ಕದ್ದು ಓಣಿಗೆಲ್ಲ ಕೇಳಿಸಿತು.

ಸೋಮವಾರ ಅವರು ಕ್ಯಾಂಪಿಗೆ ಹಿಂತಿರುಗುವ ದಿನ. ಶಾಲೆಗೆ ರಜೆಯಿತ್ತು. ಬೆಳಿಗ್ಗೆ ನಾನು ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಮಾಳಿಗೆಗೆ ಹೋದರೆ, ಥಾಪಾ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ನೇಪಾಳಿಯಲ್ಲಿ ಜೋರಾಗಿ ಮಾತಾಡುತ್ತಿದ್ದ. ಕೈ ಆಡಿಸಿ, ಕತ್ತು ಕೊಂಕಿಸಿ ಯಾರನ್ನೋ ಅಣಕಿಸುತ್ತಿದ್ದ. ನಡುನಡುವೆ 'ಸರ್' ಎಂಬ ಶಬ್ದ. ಆ ಕಡೆಯಿಂದ ಹೆಣ್ಣುದನಿಗಳ ನಗು. ಆಮೇಲೆ, ಸ್ವಲ್ಪ ದೂರದಿಂದ ಬಂದಂತೆ, ಒಂದು ಗಂಡುದನಿ ಏನೋ ಕೇಳಿತು. ಥಾಪಾ ತಡವರಿಸಿದ. ಮತ್ತೆ ಹೇಳತೊಡಗಿದ, ಈಗ ಇನ್ನೂ ಅಭಿನಯಿಸಿ. ಗೊಗ್ಗರು ಗಂಟಲಿನ ದೊಡ್ಡ ನಗೆಯೊಂದು ಫೋನಿನಿಂದ ಹೊರಬಿತ್ತು.

ಬಟ್ಟೆ ಹಿಂಡುತ್ತಿದ್ದ ದಾಸರಿ ನನ್ನ ಕಡೆ ನೋಡಿ, "ಅಪ್ಪ," ಎಂದು ಪಿಸುಗುಟ್ಟಿದ.

"ಏನು ಹೇಳಾಕತ್ತಾನ?" ಎಂದೆ.

ಎಂಟು ತಿಂಗಳು ಜೊತೆಗಿದ್ದು ದಾಸರಿಗೆ ಅಷ್ಟಿಷ್ಟು ನೇಪಾಳಿ ತಿಳಿಯುತ್ತಿತ್ತು. "ನೀವು ಬಸ್ಸಿನಲ್ಲಿ ಮೂರು ಗಂಟೆ ಬಿಡದೆ ಉಪದೇಶ ಮಾಡಿದ್ದು ಸರ್. ಆಮೇಲೆ ಅಕ್ಕನವರು ಬೈದಾಗ ಬಾಯಿ ಮುಚ್ಚಿಕೊಂಡು ಚಹಾ ಕುಡಿದದ್ದು."

ಮೂರು ಗಂಟೆ ಎಲ್ಲಿ ಬಂತು? ಖಾನಾಪುರಕ್ಕೆ ಮುಕ್ಕಾಲು ಗಂಟೆಯ ಹಾದಿ. ಅದರಲ್ಲೂ ನಡುವೆ ಕಂಡಕ್ಟರನ ಹತ್ತಿರ ನಾನೇ ಸ್ವಲ್ಪ ಮಾತಾಡಿದ್ದೇನೆ. ಹೋಗಿ ತಿದ್ದಬೇಕೆಂದು ಬುಟ್ಟಿ ಕೆಳಗಿಟ್ಟು ಎರಡು ಹೆಜ್ಜೆ ಹಾಕಿದೆ. ಆ ಕಡೆ ತಂದೆ ಇನ್ನೂ ನಗುತ್ತಲೇ ಇದ್ದರು. ಥಾಪಾ ನಗುತ್ತ ನಗುತ್ತ ತೋಳಿನಿಂದ ಕಣ್ಣು ಒರೆಸಿಕೊಂಡ.

ನಾನು ಹಿಂದಕ್ಕೆ ಬಂದು ಬಟ್ಟೆ ಹರವಿದೆ. ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ತಪ್ಪು ಕಂಡೂ ತಿದ್ದದೆ ಬಿಟ್ಟದ್ದು ಅದೇ ಮೊದಲು.