ಬೀಗರಿಗಾಗಿ ಓದಿದ ಫುಟ್‌ಬಾಲ್

ಹುಬ್ಬಳ್ಳಿಯಲ್ಲಿ ಡಿಗ್ರಿ, ಸಿಡ್ನಿಯಲ್ಲಿ ಪಿಆರ್, ಅಂದರೆ ಕಾಯಂ ನೆಲೆಸುವ ಪರವಾನಗಿ. ಕೂತು ಓದಿದರೆ ಬಾರದ ವಿಷಯ ಭೂಮಿಯ ಮೇಲಿಲ್ಲ ಎಂದೇ ನಾನು ನಂಬಿದ್ದೆ. ಹಾಗಾಗಿ ಮಗಳು ಮೇಘಾ, ತಾನು ಮದುವೆಯಾಗಲಿರುವ ಪಾಬ್ಲೊನ ಅಪ್ಪ ಮ್ಯಾಡ್ರಿಡ್‌ನವರು, ಅವರಿಗೆ ಫುಟ್‌ಬಾಲ್ ಅಂದರೆ ಪ್ರಾಣ ಎಂದಾಗ ನಾನು ಹೆದರಲಿಲ್ಲ.

“ಅಪ್ಪಾ, ಪ್ಲೀಸ್. ಅವರ ಮುಂದ ಸ್ಯಾಲರಿ, ಮಾರ್ಟ್‌ಗೇಜ್, ಮಾರ್ಕ್ಸ್ ಏನೂ ಬ್ಯಾಡ. ಬರೇ ಫುಟ್‌ಬಾಲ್ ಮಾತಾಡು. ಇಟ್ ಮ್ಯಾಟರ್ಸ್ ಟು ಮಿ,” ಎಂದಳು.

ಸಿಡ್ನಿಯ ಎಪ್ಪಿಂಗ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಧ್ಯಯನ ಆರಂಭವಾಯಿತು. ಸ್ಪೇನಿನ ಮೊದಲ ದರ್ಜೆಯ ಲೀಗಿನಲ್ಲಿ ಇಪ್ಪತ್ತು ಟೀಮುಗಳು. ಪ್ರತಿಯೊಂದೂ ಉಳಿದೆಲ್ಲರ ಜೊತೆ ಎರಡೆರಡು ಸಲ ಆಡಬೇಕು, ತನ್ನೂರಲ್ಲೊಮ್ಮೆ, ಅವರೂರಲ್ಲೊಮ್ಮೆ. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಫೈನಲ್ ಎಂಬುದೇ ಇಲ್ಲ; ಕೊನೆಗೆ ಹೆಚ್ಚು ಅಂಕ ಇದ್ದವರೇ ಚಾಂಪಿಯನ್. ಕೊನೆಯ ಮೂರು ಟೀಮುಗಳು ಕೆಳಗಿನ ದರ್ಜೆಗೆ. ಅರೆ, ಇದು ನಮ್ಮ ಪರೀಕ್ಷೆಯೇ! ರ‍್ಯಾಂಕು, ಪಾಸು, ನಪಾಸು!

ಉಡುಗೊರೆಗೆಂದು ಮ್ಯಾಡ್ರಿಡ್‌ನ ಶ್ರೀಮಂತ ಟೀಮಿನ ಅಚ್ಚ ಬಿಳಿ ಜೆರ್ಸಿ ತಂದೆ. ನಮ್ಮಾಕಿ ಹೌಹಾರಿದಳು.

“ಬೀಗರಿಗೆ ಬಿಳೀ ಅರಿವಿ ಕೊಡ್ತಾರೇನ್ರೀ? ಶುಭಕಾರ್ಯ ಅದ!”

ಕೊಡುವಾಗ ಮೂಲೆಗೆ ಕುಂಕುಮ ಹಚ್ಚುವುದೆಂದು ರಾಜಿಯಾಯಿತು. ಕುಂಕುಮದ ಪೊಟ್ಟಣವನ್ನು ಜೆರ್ಸಿಯ ಮಡಿಕೆಯೊಳಗೇ ಇಟ್ಟು, ಸೂಟ್‌ಕೇಸಿನ ಮೇಲೆ ಕುಳಿತು ಜಿಪ್ ಎಳೆದವನು ನಾನೇ. ಒಳಗೆ ಏನೋ ಪುಸ್ ಎಂದಿತು. ಲಕ್ಷ್ಯ ಕೊಡಲಿಲ್ಲ!

ಮ್ಯಾಡ್ರಿಡ್ ಬಿಟ್ಟು ಬಂದ ಬೀಗರು ನೆಲೆಸಿದ್ದು ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ; ನಾನು, ನಮ್ಮಾಕಿ, ಮೇಘಾ ಮೂವರೂ ವಿಮಾನ ಹತ್ತಿ ಹೋದೆವು. ಬಾಗಿಲಲ್ಲೇ ಅಪ್ಪಿಕೊಂಡರು, ಕೂರಿಸಿ ಕಾಫಿ ಕೊಟ್ಟರು. ನಾನು ಇಂಗ್ಲಿಷಿನಲ್ಲಿ ಉಪನ್ಯಾಸಕ್ಕಿಳಿದೆ.

“ಕೊನೆಯ ಮೂರು ಟೀಮುಗಳನ್ನು ಕೆಳಗೆ ಕಳಿಸುವ ಪದ್ಧತಿ ಅತ್ಯುತ್ತಮ. ಫೇಲಾದವರಿಗೆ ಮೇಲಿನ ಕ್ಲಾಸಿನಲ್ಲಿ ಏನು ಕೆಲಸ?”

ಬೀಗರು ಕಪ್ ಕೆಳಗಿಟ್ಟರು. “ಈ ಸಲ ನಮ್ಮ ಟೀಮ್ ಕೆಳಗೆ ಹೋಯಿತು,” ಎಂದರು. ಮ್ಯಾಡ್ರಿಡ್‌ನ ಅಂಚಿನಲ್ಲಿ, ಕೂಲಿಕಾರರ ಬಡಾವಣೆಯೊಂದರ ಪುಟ್ಟ ಟೀಮಂತೆ. “ಚಿಕ್ಕವನಿದ್ದಾಗ ಅಪ್ಪ ಕೈಹಿಡಿದು ಕರೆದುಕೊಂಡು ಹೋಗಿದ್ದರು. ಬಿತ್ತು ಅಂತ ಬಿಡೋಕಾಗುತ್ತಾ?”

ಮೇಘಾ ನನ್ನತ್ತ ನೋಡಲಿಲ್ಲ. ಶಾಲೆಯಲ್ಲಿ ಒಮ್ಮೆ ಅವಳು ಗಣಿತದಲ್ಲಿ ಫೇಲಾದಾಗ ಒಂದು ವಾರ ಅವಳ ಜೊತೆ ಮಾತು ಬಿಟ್ಟಿದ್ದೆ. ಅದು ಆಗಲೇ ನೆನಪಾಗಬೇಕೇ! ನಿಜವಾಗಿಯೂ ನಾಚಿಕೆಯಾಯಿತು.

ಮಾತು ಮರೆಸಲು ಗಡಿಬಿಡಿಯಲ್ಲಿ ಉಡುಗೊರೆ ಬಿಚ್ಚಿದೆ. ಬಿಳಿ ಜೆರ್ಸಿಯ ಮೇಲೆ ಭುಜದಿಂದ ಸೊಂಟದವರೆಗೆ ಓರೆಯಾಗಿ ಕುಂಕುಮದ ಪಟ್ಟೆ!

ಬೀಗರು ಎದ್ದು ನಿಂತರು. ಗೋಡೆಯ ಮೇಲಿದ್ದ ತಮ್ಮ ಟೀಮಿನ ಫೋಟೊ ತೋರಿಸಿದರು. ಎಲ್ಲರೂ ತೊಟ್ಟಿದ್ದುದು ಬಿಳಿ ಜೆರ್ಸಿ, ಅದರ ಮೇಲೆ ಓರೆಯಾದ ಕೆಂಪು ಪಟ್ಟೆ.

“ಇದು ನಮ್ಮದು! ನೀವೇ ಬಣ್ಣ ಹಾಕಿದಿರಾ?” ಅವರ ಕಣ್ಣು ತುಂಬಿತ್ತು.

ಹೌದು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಮೇಘಾಳ ಮುಖ ನೋಡಿ ನಿಜ ಹೇಳಿದೆ: ಸೂಟ್‌ಕೇಸು, ನನ್ನ ಭಾರ, ಒಡೆದ ಪೊಟ್ಟಣ. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲೇ ಜೆರ್ಸಿ ತೊಟ್ಟು ನನ್ನನ್ನು ಮತ್ತೆ ಅಪ್ಪಿಕೊಂಡರು. ನನ್ನ ಅಂಗಿಯೂ ಕೆಂಪಾಯಿತು.

ಏರ್‌ಪೋರ್ಟಿನ ದಾರಿಯಲ್ಲಿ ಮೇಘಾ ನನ್ನ ಕೈ ಹಿಡಿದು, “ಅಪ್ಪಾ, ಯೂ ಪಾಸ್ಡ್,” ಎಂದಳು.

ನಾನೂ ಅವಳ ಕೈ ಒತ್ತಿ ಹಿಡಿದೆ. ಆದರೂ ಹಳೆ ಚಟ ಬಿಡಬೇಕಲ್ಲ!

“ಎಷ್ಟು ಮಾರ್ಕ್ಸ್ ಬಂತವಾ?”

“ಗ್ರೇಸ್ ಮಾರ್ಕ್ಸ್‌ನಾಗ ಪಾಸಾಗೀರಿ, ಸುಮ್ನ ಕೂಡ್ರಿ,” ಎಂದಳು ನಮ್ಮಾಕಿ. “ಅವೂ ನನ್ನ ಕುಂಕುಮ ಕೊಟ್ಟದ್ದು!”