ಇಲ್ಲದ ಮನೆಗಳ ಇನ್‌ಸ್ಪೆಕ್ಟರು

ನನ್ನ ಸೋದರಮಾವನಿಗೆ, ಈಗ ನಿಂತಿರುವ ಕಟ್ಟಡಗಳು ಕಾಣುವುದಿಲ್ಲ. ಕಣ್ಣಿನ ತೊಂದರೆಯೇನೂ ಅಲ್ಲ. ಕೆಡವಿದ ಕಟ್ಟಡವಾದರೆ ಎರಡು ಮೈಲಿ ದೂರದಿಂದಲೇ ಗುರುತಿಸುತ್ತಾರೆ. ಅವರಿರುವ ಕಾಡುಗೋಡಿಯಲ್ಲಿ ಮೆಟ್ರೋ ಹತ್ತುವುದು ಎಲ್ಲಿ ಎಂದು ಕೇಳಿ ನೋಡಿ. "ರೈಸ್ ಮಿಲ್ ದಾಟಿ, ಆಲದಮರದ ಹತ್ರ ಎಡಕ್ಕೆ ತಿರುಗು" ಎನ್ನುತ್ತಾರೆ. ಮಿಲ್ಲೂ ಇಲ್ಲ, ಮರವೂ ಇಲ್ಲ. ಒಮ್ಮೆ ಈ ವಿಳಾಸವನ್ನು ಆಟೋದವನಿಗೆ ಹೇಳಿದೆ. ಅವನು ಗಾಡಿ ನಿಲ್ಲಿಸಿ, "ಸಾರ್, ನೀವು ಯಾವ ಕಾಲದಲ್ಲಿ ಇಳೀಬೇಕು?" ಎಂದ.

ಮಾವ ಪೀಣ್ಯದ ಕಡೆ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಕೂದಲೆಳೆಯಷ್ಟು ಅಳತೆ ತಪ್ಪಿದ ಬಿಡಿಭಾಗಕ್ಕೆ ಕೆಂಪು ಬಣ್ಣದ ಚುಕ್ಕೆ ಇಟ್ಟು ಪಕ್ಕಕ್ಕೆ ತಳ್ಳುವುದು ಅವರ ಕೆಲಸ. ನಿವೃತ್ತಿಯಾಯಿತು, ಚುಕ್ಕೆ ಇಡುವ ಕೈ ಸುಮ್ಮನಿರಬೇಕಲ್ಲ? ಬೆಂಗಳೂರಿನ ಹಳೆಯ ಬೀದಿಗಳ, ಬಿದ್ದುಹೋದ ಕಟ್ಟಡಗಳ ಫೋಟೋಗಳನ್ನು ಕೂಡಿಹಾಕತೊಡಗಿದರು. ಮೊಬೈಲಿಗೆ ಬಂದದ್ದನ್ನೂ ಪ್ರಿಂಟ್ ಹಾಕಿಸಿ, ಭೂತಗನ್ನಡಿ ಹಿಡಿದು, ನೆರಳಿನ ಉದ್ದ ಅಳೆದು ನೋಡುವರು. ಹೇಳಿದ ಊರು ಬೀದಿ ಸರಿಯಿದ್ದರೆ ಪಾಸು. ಇಲ್ಲದಿದ್ದರೆ ಹಿಂಬದಿಗೆ ಕೆಂಪು ಚುಕ್ಕೆ.

ಅವರದೇ ಮದುವೆಯ ಫೋಟೋದ ಹಿಂದೆಯೂ ಒಂದು ಚುಕ್ಕೆಯಿದೆ. "ಸ್ಟುಡಿಯೋ ಪರದೆ ಕಣೋ. ಪೀಣ್ಯದಲ್ಲಿ ಹಂಸ ಎಲ್ಲಿಂದ ಬಂತು?"

ಒಳಗಿಂದ ಅತ್ತೆ ಕೂಗಿದರು: "ಹಂಸ ಬಿಡಿ, ಮುಂದೆ ನಿಂತಿರೋರ ತಲೇಲಿ ಅಷ್ಟೊಂದು ಕೂದಲಿದೆಯಲ್ಲ, ಅದನ್ನ ಯಾರು ನಂಬ್ತಾರೆ?"

ವೈಟ್‌ಫೀಲ್ಡಿನ ಹಳೆಯ ಬಂಗಲೆಯೊಂದರ ಫೋಟೋ ಸಿಕ್ಕಾಗ ಮಾವ ನನ್ನನ್ನು ಎಳೆದುಕೊಂಡು ಜಾಗ ಹುಡುಕಲು ಹೊರಟರು. ಕೊನೆಗೆ ಒಂದು ಟೆಕ್ ಪಾರ್ಕಿನ ಗೇಟಿನೆದುರು ನಿಂತೆವು. ಸೆಕ್ಯುರಿಟಿಯವನು ಬಂದ.

"ಯಾರನ್ನ ನೋಡ್ಬೇಕು ಸಾರ್?"

"ಒಂದು ಬಂಗ್ಲೆ."

"ಯಾವ ಟವರ್ ಸಾರ್?"

"ಅದು ಈಗಿಲ್ಲಪ್ಪ."

ಅವನು ರಿಜಿಸ್ಟರ್ ತೆರೆದು ಯೋಚಿಸಿದ. "ಇಲ್ದೇ ಇರೋರ್ನ ನೋಡೋಕೂ ಐಡಿ ಬೇಕು ಸಾರ್."

ಕಷ್ಟವೇನೆಂದರೆ, ಫೋಟೋದಲ್ಲಿ ರಸ್ತೆ ಎಡಕ್ಕೆ ತಿರುಗುತ್ತಿತ್ತು, ನಮ್ಮೆದುರಿನ ರಸ್ತೆ ಬಲಕ್ಕೆ. ಫೋಟೋ ಸರಿಯಿದೆ, ರಸ್ತೆಯೇ ತಪ್ಪು ಎಂದು ಮಾವ ತೀರ್ಪು ಕೊಟ್ಟರು. ವರ್ಷವಿಡೀ ಹಾಗೆಂದೇ ವಾದಿಸಿದರು. ಬದುಕಿಡೀ ರವಿಕೆ ಅಂಗಿ ಹೊಲಿದ ಅತ್ತೆ ಒಂದು ದಿನ ಫೋಟೋದ ಮೇಲೆ ಕಣ್ಣು ಹಾಯಿಸಿ, "ರೀ, ಬಂಗ್ಲೆ ಮುಂದೆ ನಿಂತಿರೋ ಈ ಗಂಡಸು ಯಾಕೆ ಹೆಂಗಸರ ಥರ ಅಂಗಿಗೆ ಎಡಗಡೆ ಗುಂಡಿ ಹಾಕ್ಕೊಂಡಿದಾನೆ?" ಎಂದರು. ನೆಗೆಟಿವ್ವನ್ನು ಯಾರೋ ತಿರುಗಿಸಿ ಪ್ರಿಂಟ್ ಹಾಕಿದ್ದರು. ಎಡ ಬಲವಾಗಿತ್ತು. ಮಾವ ಒಂದು ಹೊತ್ತು ಊಟ ಬಿಟ್ಟರು.

ಇದು ಹೀಗೆಯೇ ನಡೆಯಿತೇ? ಆ ಗುಂಡಿಯನ್ನು ಕಂಡುಹಿಡಿದವನು ನಾನೇ ಎಂದು ಬೇರೆ ಕಡೆ ಹೇಳಿಕೊಂಡದ್ದೂ ಉಂಟು. ಎರಡು ಸಲ ಹೇಳಿದ ಮೇಲೆ ನನಗೇ ಅದು ನಿಜದ ನೆನಪಾಗಿಬಿಟ್ಟಿತು. ಅದಕ್ಕೇ, ಚೆನ್ನಾಗಿ ಹೊಂದಿಕೊಂಡು ಕೂರುವ ನೆನಪು ಎಂದರೆ ನನಗೆ ಅನುಮಾನ.

ಈ ಅನುಮಾನವನ್ನು ಪರೀಕ್ಷಿಸಲೆಂದೋ ಏನೋ, ಮಾವನ ಮನೆಯ ಓನರ್ ಅಜ್ಜಿ ಒಂದು ಭಾನುವಾರ ಮಹಡಿ ಇಳಿದು ಬಂದರು. ಅವರ ಹೆಂಚಿನ ಮನೆಯನ್ನು ಕೆಡವಿ, ಅದೇ ಜಾಗದಲ್ಲಿ ಮಗ ನಾಲ್ಕು ಅಂತಸ್ತು ಎಬ್ಬಿಸಿದ್ದಾನೆ. ತುದಿಯ ಮಹಡಿಯಲ್ಲಿ ಅಜ್ಜಿ ಮತ್ತು ಮಗ, ನಡುವೆಲ್ಲ ಪಿಜಿ ಹುಡುಗಿಯರು, ಕೆಳಗೆ ಬಾಡಿಗೆಗೆ ಮಾವ. ಕೆಡವುವಾಗ ಮನೆಯದೊಂದು ಫೋಟೋ ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಪಟದಯ್ಯ," ಎಂದರು ಅಜ್ಜಿ. ಮಾವನನ್ನು ಅವರು ಕರೆಯುವುದೇ ಹಾಗೆ. "ನಿನ್ನ ರಾಶಿಯಾಗೆ ನಮ್ಮನೇದು ಒಂದು ಪಟ ಐತೇನೋ ನೋಡಪ್ಪ. ಮೊನ್ನೆಯಿಂದ ಒಲೆ ಯಾವ ಮೂಲೇಲಿತ್ತು ಅಂತ್ಲೇ ಒಳೀತಿಲ್ಲ. ಇಂಗೇ ಬುಟ್ರೆ ಪೂರಾ ಮರ್ತೋಯ್ತದೆ. ಒಂದ್ಸಲ ನೋಡ್ಬುಟ್ರೆ ಸಾಕು."

ಮಾವ ಮೂರು ವಾರ ರಾಶಿಯನ್ನೆಲ್ಲ ಜಾಲಾಡಿದರು. ಇರಲಿಲ್ಲ. ಅಜ್ಜಿಯ ಮಗ ಗುಟ್ಟಾಗಿ ಬಂದು, "ಸಾರ್, ಯಾವ್ದಾದ್ರೂ ಹೆಂಚಿನ ಮನೆ ತೋರಿಸ್ಬಿಡಿ. ಅವ್ವಂಗೆ ಕಣ್ಣು ಅಷ್ಟಕ್ಕಷ್ಟೆ, ಖುಷಿಯಾಗ್ತಾಳೆ" ಎಂದ. ನನಗೂ ಅದೇ ಸರಿ ಎನಿಸಿತು. ಹೇಳಿಯೂ ಹೇಳಿದೆ.

ಮಾವ ನನ್ನನ್ನು ಅಳತೆ ತಪ್ಪಿದ ಬೋಲ್ಟನ್ನು ನೋಡುವಂತೆ ನೋಡಿದರು. "ಯಾರದೋ ಮನೆಗೆ ಯಾಕೋ ಕರ್ಕೊಂಡ್ ಹೋಗ್ಲಿ ಆಯಮ್ಮನ್ನ?"

ಮುಂದಿನ ಭಾನುವಾರ ಮೇಜಿನ ಮೇಲೆ ದೊಡ್ಡ ಡ್ರಾಯಿಂಗ್ ಹಾಳೆ ಹಾಸಿತ್ತು. ಅಜ್ಜಿ ಹೇಳುವುದು, ಮಾವ ಆ ಮನೆಯ ನಕ್ಷೆ ಬರೆಯುವುದು.

"ಕೊಟ್ಟಿಗೆ ಬಾಗ್ಲು ಎಷ್ಟು ಅಗಲ ಇತ್ತಮ್ಮ?"

"ಒಂದು ಎತ್ತು ನುಗ್ಗೋವಷ್ಟು."

"ಎತ್ತು ಎಷ್ಟು ಅಗಲ?"

"ಎತ್ತಿನಷ್ಟೇ ಅಗಲ. ಇದೇನು ನೀನು ಕೇಳೋದು."

"ಹೋಗ್ಲಿ, ಜಗುಲಿ?"

"ನಮ್ಮ ಯಜಮಾನ್ರು ಮಲಗಿದ್ರೆ ಪಾದ ಆಚೆ ಬರೋದು."

"ಅವರು ಎಷ್ಟು ಎತ್ತರ ಇದ್ರು?"

ಅಜ್ಜಿ ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿನಗಿಂತ ಸಂದಾಕಿದ್ರು."

ಅತ್ತೆ ಅಡುಗೆಮನೆಯಲ್ಲಿ ಕೆಮ್ಮಿದರು.

ವಾರ ಕಳೆದು ಬಂದರೆ ಮೂರು ಮೆಟ್ಟಿಲು ಎರಡಾಗಿದ್ದವು. ಅದರ ಮುಂದಿನ ವಾರ ಕಿಟಕಿ ಎದ್ದು ಇನ್ನೊಂದು ಗೋಡೆಗೆ ಹೋಯಿತು. ಒಲೆ ನಾಲ್ಕೂ ಮೂಲೆ ಸುತ್ತಿತು. ಪ್ರತಿ ಸಲವೂ ಮಾವ ಅಳಿಸಿ ಬರೆದರು. ಹಾಳೆ ಉಜ್ಜಿ ಉಜ್ಜಿ ತೂತಾಗುವ ಹಾಗಿತ್ತು. ಕೂದಲೆಳೆಗೆ ಕೆಂಪು ಬಳಿಯುತ್ತಿದ್ದ ಮನುಷ್ಯ ಇವರೇನಾ!

"ಮಾವ, ವಾರಕ್ಕೊಂದು ಅಳತೆ. ಇದನ್ನ ರಿಜೆಕ್ಟ್ ಮಾಡಲ್ವಾ?" ಎಂದು ಕೆಣಕಿದೆ.

"ಸುಮ್ನಿರೋ. ಆಯಮ್ಮ ಹುಡುಕ್ತಾ ಇದಾರೆ."

ಕಳೆದ ಭಾನುವಾರ ಅಜ್ಜಿ ಹಾಳೆಯ ಮೇಲೆ ಬೆರಳಿಟ್ಟರು. ಬೆರಳು ಬೀದಿಯಿಂದ ಮೆಟ್ಟಿಲು ಹತ್ತಿತು, ಜಗುಲಿ ದಾಟಿತು. ತಲೆಬಾಗಿಲಿಗೆ ಬಂದಾಗ ಅವರ ಕುತ್ತಿಗೆ ತಾನಾಗಿಯೇ ಬಗ್ಗಿತು. ಬೆರಳು ಹೊಸ್ತಿಲು ದಾಟಿದ ಮೇಲೆ ತಲೆ ಮೇಲೆದ್ದಿತು. ಅಜ್ಜಿಗೆ ಅದರ ಪರಿವೆಯೇ ಇರಲಿಲ್ಲ.

ನನಗೆ ತಿಳಿಯಲು ತುಸು ಹೊತ್ತು ಬೇಕಾಯಿತು. ಮಾವನಿಗೆ ಬೇಕಾಗಲಿಲ್ಲ. ನಕ್ಷೆಯ ಪಕ್ಕದಲ್ಲಿ ಮನೆಯ ಮುಂಬದಿಯನ್ನೂ ಬರೆದು, ತಲೆಬಾಗಿಲನ್ನು ಅವರು ಎಲ್ಲ ಮನೆಗಳಿಗಿರುವಂತೆ ಏಳು ಅಡಿ ಎತ್ತರ ಇಟ್ಟಿದ್ದರು.

"ಅಮ್ಮ, ಇನ್ನೊಂದ್ಸಲ ಆಚೆಯಿಂದ ಬನ್ನಿ."

ಅಜ್ಜಿ ಮತ್ತೆ ಬೀದಿಗಿಳಿದು ಬಂದರು. ಅದೇ ಜಾಗದಲ್ಲಿ ಮತ್ತೆ ತಲೆ ತಗ್ಗಿತು.

ಮಾವ ಬಾಗಿಲ ಮೇಲಿನ ಗೆರೆಯನ್ನು ಅಳಿಸಿ, ತಗ್ಗಿಸಿ ಎಳೆದರು. ಅಳತೆ ಬರೆಯಲಿಲ್ಲ. ಪೆನ್ಸಿಲ್ ಕೆಳಗಿಟ್ಟು, ತಾವೂ ಹಾಳೆಯ ಮೇಲೆ ಬಾಗಿ, ಅಜ್ಜಿಯ ಬೆರಳ ಹಿಂದೆ ತಮ್ಮ ಬೆರಳನ್ನು ಒಳಗೆ ನಡೆಸಿದರು.

"ನೋಡ್ಕೊಂಡು ಬಾಪ್ಪ," ಎಂದರು ಅಜ್ಜಿ. "ಒಳಗೆ ಕತ್ಲು."